ಕೊಯ್ಲಿನ ಹಣ ಕೈಸೇರುವ ಮೊದಲು: ಸಾಲ ತೀರಿಸುವ ಕ್ರೈಸ್ತ ಕುಟುಂಬಕ್ಕೊಂದು ಕೈಪಿಡಿ

ಸಾಲ ಮಾಡುವುದು ಪಾಪ ಎಂದು ಬೈಬಲ್ಲಿನಲ್ಲಿ ಎಲ್ಲೂ ಇಲ್ಲ. ಸಾಲ ಮಾಡಿದವನು ಸಾಲ ಕೊಟ್ಟವನಿಗೆ ಆಳು ಎನ್ನುತ್ತದೆ ಜ್ಞಾನೋಕ್ತಿಗಳು 22:7. ತೆಗೆದುಕೊಂಡು ಹಿಂದಿರುಗಿಸದವನನ್ನು ದುಷ್ಟರ ಸಾಲಿಗೆ ಸೇರಿಸುತ್ತದೆ 37ನೇ ಕೀರ್ತನೆ. ಬಡವನಿಗೆ ಕೊಟ್ಟ ಹಣಕ್ಕೆ ಬಡ್ಡಿ ಹಾಕಬೇಡ ಎನ್ನುತ್ತದೆ ವಿಮೋಚನಕಾಂಡ 22. ಸಾಲಗಾರನಿಗೂ ಸಾಲ ಕೊಟ್ಟವನಿಗೂ ಒಂದೇ ಪುಸ್ತಕದಲ್ಲಿ ಕಟ್ಟಳೆ ಇದೆ. ಒಂದನ್ನು ಮಾತ್ರ ಓದಿದರೆ ಪ್ರಸಂಗ ಆಗುತ್ತದೆ, ಸಾಲ ತೀರುವುದಿಲ್ಲ.

ಸಾಲ ತೀರಿಸುವ ಸಲಹೆಗಳಲ್ಲಿ ಹೆಚ್ಚಿನವು ತಿಂಗಳ ಸಂಬಳದವರಿಗೆ ಹೇಳಿದವು. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಹಣ ಬರುವುದು ವರ್ಷಕ್ಕೊಮ್ಮೆ. ಅರೇಬಿಕಾ ಕಾಫಿ ನವೆಂಬರಿನಿಂದ, ರೊಬಸ್ಟಾ ಅದರ ಹಿಂದೆ, ಮೆಣಸು ಫೆಬ್ರುವರಿಯ ನಂತರ. ಹಾಸನದ ಬಯಲು ಕಡೆ ಆಲೂಗಡ್ಡೆ, ಶುಂಠಿ, ಅರಸೀಕೆರೆಯ ಕೊಬ್ಬರಿ. ಖರ್ಚು ಮಾತ್ರ ಜೂನ್‌ನಲ್ಲೇ ಬಾಗಿಲಿಗೆ ಬರುತ್ತದೆ: ಶಾಲೆ ಫೀಸು, ಗೊಬ್ಬರ, ಕಳೆ ತೆಗೆಸುವ ಕೂಲಿ. ಆದ್ದರಿಂದ ಇಲ್ಲಿಯ ಸಾಲದ ಲೆಕ್ಕವನ್ನು ತಿಂಗಳ ಲೆಕ್ಕದಲ್ಲಿ ಹಿಡಿಯಲು ಬರುವುದಿಲ್ಲ. ಅಕ್ಟೋಬರಿನಲ್ಲಿ, ಕೊಯ್ಲಿಗೆ ಆಳು ಹುಡುಕುವ ಮೊದಲೇ, ಕೂತು ಬರೆದುಬಿಡಬೇಕು. ಹಣ ಕೈಗೆ ಬಂದ ಮೇಲೆ ಬರೆಯುತ್ತೇವೆ ಎಂದವರು ಬರೆದದ್ದು ಕಡಿಮೆ.

ಎರಡು ಹಾಳೆ

ಸಾಲ ಕೊಟ್ಟವನು ಬಂದು ಇಬ್ಬರು ಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲಿದ್ದಾನೆ ಎಂದು ಅತ್ತ ವಿಧವೆಗೆ ಎಲೀಷ ಮೊದಲು ಕೇಳಿದ್ದು, ಮನೆಯಲ್ಲಿ ಏನಿದೆ ಎಂದು (2 ಅರಸುಗಳು 4). ಆಮೇಲೆ ಪಾತ್ರೆ, ಎಣ್ಣೆ, ಮಾರಾಟ. ಸಾಲ ತೀರಿಸಿ ಉಳಿದದ್ದರಲ್ಲಿ ಬದುಕು ಎಂಬ ಮಾತು ಕಟ್ಟಕಡೆಗೆ. ನೀವೂ ಎರಡು ಹಾಳೆ ತೆಗೆದುಕೊಳ್ಳಿ. ಒಂದರಲ್ಲಿ ಇರುವುದು, ಇನ್ನೊಂದರಲ್ಲಿ ಕೊಡಬೇಕಾದದ್ದು.

ಕೊಡಬೇಕಾದ ಹಾಳೆಯಲ್ಲಿ ಆರು ಕಲಂ: ಯಾರಿಗೆ, ಅಸಲು ಎಷ್ಟು ಉಳಿದಿದೆ, ವರ್ಷದ ಬಡ್ಡಿ ಎಷ್ಟು, ಗಡುವು ಯಾವತ್ತು, ಏನು ಅಡವಿದೆ, ಯಾರ ಜಾಮೀನಿದೆ. ಬ್ಯಾಂಕಿನದು ಮತ್ತು ಸೊಸೈಟಿಯದು ಎಲ್ಲರಿಗೂ ನೆನಪಾಗುತ್ತದೆ. ಬಿಟ್ಟುಹೋಗುವುದು ಇವು: ಅಂಗಡಿಯ ಉದ್ದರಿ, ಗೊಬ್ಬರದಂಗಡಿಯ ಬಾಕಿ, ಎತ್ತಿ ಆಗಿರುವ ಚೀಟಿಯ ಉಳಿದ ಕಂತು, ಬೇರೆಯವರಿಗೆ ಹಾಕಿದ ಜಾಮೀನು, ಕಾಫಿ ವ್ಯಾಪಾರಿಯಿಂದ ಮಳೆಗಾಲದಲ್ಲಿ ತಂದ ಮುಂಗಡ, ಆಳುಗಳಿಗೆ ಕೊಡದೆ ಉಳಿದ ಕೂಲಿ. ಎಲ್ಲಕ್ಕಿಂತ ಹೆಚ್ಚು ಬಿಟ್ಟುಹೋಗುವುದು ಗಂಡ ಹೆಂಡತಿಗೆ ಹೇಳದ ಕೈಸಾಲ, ಹೆಂಡತಿ ಗಂಡನಿಗೆ ಹೇಳದ ಸಂಘದ ಸಾಲ. ಇಬ್ಬರೂ ಒಟ್ಟಿಗೆ ಕೂತು ಬರೆಯದಿದ್ದರೆ ಮುಂದಿನದೆಲ್ಲ ವ್ಯರ್ಥ. ಕೂಗಾಡುವ ಭಯವಿದ್ದರೆ ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನೋ ಫಾದರನ್ನೋ ಸಭಾಪಾಲಕರನ್ನೋ ಕೂರಿಸಿಕೊಳ್ಳಿ; ಹಾಳೆ ಮಾತ್ರ ನಿಮ್ಮ ಕೈಯಲ್ಲೇ ಇರಲಿ.

ಹೆಸರಿನಲ್ಲಿರುವ ಸಾಲ ಯಾವುದು ಎಂಬ ಅನುಮಾನ ಬಂದರೆ ಕ್ರೆಡಿಟ್ ವರದಿ ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಕೊಡಬೇಕು. ಸಂಘದ ಗುಂಪುಸಾಲಗಳು ಒಂದರಲ್ಲಿ ಕಾಣದೆ ಇನ್ನೊಂದರಲ್ಲಿ ಕಾಣುವುದುಂಟು, ಹಾಗಾಗಿ ಎರಡನ್ನಾದರೂ ನೋಡಿ.

ಬಡ್ಡಿಯನ್ನು ಒಂದೇ ಅಳತೆಗೆ ತನ್ನಿ

ಒಂದೊಂದು ಸಾಲ ಒಂದೊಂದು ಭಾಷೆಯಲ್ಲಿ ಮಾತಾಡುತ್ತದೆ. ಎಲ್ಲವನ್ನೂ ವರ್ಷಕ್ಕೆ ನೂರಕ್ಕೆ ಎಷ್ಟು ಎಂಬುದಕ್ಕೆ ಇಳಿಸಿದಾಗ ಮಾತ್ರ ಯಾವುದು ಕುತ್ತಿಗೆ ಹಿಡಿದಿದೆ ಎಂದು ತಿಳಿಯುತ್ತದೆ.

"ಮೂರು ರೂಪಾಯಿ ಬಡ್ಡಿ" ಎಂದರೆ ತಿಂಗಳಿಗೆ ನೂರಕ್ಕೆ 3, ವರ್ಷಕ್ಕೆ 36. ಐದು ರೂಪಾಯಿ ಎಂದರೆ 60. ದಿನದ ವಸೂಲಿಯ ಸಾಲದಲ್ಲಿ 10,000 ಬರೆಸಿಕೊಂಡು 9,000 ಕೈಗೆ ಕೊಟ್ಟು, ದಿನಕ್ಕೆ 100ರಂತೆ 100 ದಿನ ಕಟ್ಟಿಸಿಕೊಳ್ಳುತ್ತಾರೆ. ಸಾವಿರ ರೂಪಾಯಿ ಅಷ್ಟೇ ತಾನೇ ಎನಿಸುತ್ತದೆ. ಆದರೆ ಅಸಲು ಮೊದಲ ದಿನದಿಂದಲೇ ಕರಗುತ್ತಾ ಹೋಗುವುದರಿಂದ ಸರಾಸರಿ ನಿಮ್ಮ ಕೈಯಲ್ಲಿ ಉಳಿದ ಹಣ ನಾಲ್ಕೂವರೆ ಸಾವಿರದಷ್ಟೇ. ಲೆಕ್ಕ ಹಾಕಿದರೆ ವರ್ಷಕ್ಕೆ ನೂರಕ್ಕೆ 78ರ ಹತ್ತಿರ. ಬೈಕಿಗೋ ಫ್ರಿಜ್ಜಿಗೋ ಕೊಡುವ "12 ಪರ್ಸೆಂಟ್ ಫ್ಲಾಟ್" ಸಾಲವೂ ಹೀಗೆಯೇ: ಒಂದು ಲಕ್ಷಕ್ಕೆ ಎರಡು ವರ್ಷ, ಕಂತು 5,167 ರೂಪಾಯಿ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದಾಗ ಅದು 12 ಅಲ್ಲ, 21.6.

ವ್ಯಾಪಾರಿಯ ಮುಂಗಡಕ್ಕೆ ಬಡ್ಡಿಯೇ ಇಲ್ಲ ಎಂದು ನಂಬಿರುವವರು ಬಹಳ. ಆಗಸ್ಟಿನಲ್ಲಿ ಒಂದು ಲಕ್ಷ ತಂದು, ಜನವರಿಯಲ್ಲಿ 20 ಮೂಟೆ ಅವರಿಗೇ ಹಾಕಬೇಕು, ಮೂಟೆಗೆ ಮಾರುಕಟ್ಟೆಗಿಂತ 300 ಕಡಿಮೆ ಎಂದಿಟ್ಟುಕೊಳ್ಳಿ. ಐದು ತಿಂಗಳಿಗೆ 6,000. ವರ್ಷಕ್ಕೆ ನೂರಕ್ಕೆ 14.4. ಇಷ್ಟೇ ಆದರೆ ಕೈಸಾಲಕ್ಕಿಂತ ಮೇಲು. ಏಟು ಬೀಳುವುದು ಔಟ್‌ಟರ್ನ್‌ನಲ್ಲಿ, ಅಂದರೆ ಒಂದು ಮೂಟೆ ಒಣಕಾಯಿಂದ (ಚೆರಿ) ಎಷ್ಟು ಕಾಫಿ ಬೀಜ ಸಿಗುತ್ತದೆ ಎಂಬ ಅಳತೆಯಲ್ಲಿ. ಮುಂಗಡ ತಂದವನು ತನ್ನ ಚೆರಿಯ ಔಟ್‌ಟರ್ನ್ ಬೇರೆ ಕಡೆ ತೋರಿಸಿ ಹೋಲಿಸುವ ಸ್ವಾತಂತ್ರ್ಯವನ್ನೂ ಮಾರಿಕೊಂಡಿರುತ್ತಾನೆ. ಒಂದು ಪಾಯಿಂಟ್ ಕಡಿಮೆ ಬರೆದರೂ ತಲೆ ಆಡಿಸಬೇಕು. ಆಳು ಎಂದು ಜ್ಞಾನೋಕ್ತಿಗಳು ಹೇಳಿದ್ದು ಇದನ್ನೇ.

ಕರ್ನಾಟಕದಲ್ಲಿ ಲೇವಾದೇವಿಗಾರರಿಗೆ ನಿಗದಿಯಾದ ಮಿತಿ ಅಡವಿರುವ ಸಾಲಕ್ಕೆ ವರ್ಷಕ್ಕೆ 14, ಅಡವಿಲ್ಲದ್ದಕ್ಕೆ 16. ಮೀಟರ್ ಬಡ್ಡಿಯ ವಿರುದ್ಧ 2004ರ ಕಾಯಿದೆಯೂ ಇದೆ. ಮೂರು ರೂಪಾಯಿ ಬಡ್ಡಿಯವನ ಮುಂದೆ ಕೂರುವಾಗ ಈ ಅಂಕಿ ತಲೆಯಲ್ಲಿರಲಿ. ಬಾಯಿಗೆ ಬರುವುದು ಕೊನೆಗಿರಲಿ.

ಯಾವುದು ಮೊದಲು

ಒಂದು ಲೆಕ್ಕ ನೋಡೋಣ. ಮೂರು ಎಕರೆ ತೋಟದ ಮನೆ. ಸೊಸೈಟಿ ಬೆಳೆ ಸಾಲ 2,00,000. ಬ್ಯಾಂಕಿನ ಒಡವೆ ಸಾಲ 1,50,000, ನೂರಕ್ಕೆ 9. ಕೈಸಾಲ 80,000, ಮೂರು ರೂಪಾಯಿ ಬಡ್ಡಿ. ಸಂಘದ ಸಾಲದ ಬಾಕಿ 50,000, ನೂರಕ್ಕೆ 24. ಭಾವನ ಹತ್ತಿರ ಬಡ್ಡಿಯಿಲ್ಲದ 40,000. ಒಟ್ಟು 5,20,000. ಒಡವೆ ಸಾಲಕ್ಕೆ ವರ್ಷಕ್ಕೆ 13,500 ಬಡ್ಡಿ. ಅದರ ಅರ್ಧದಷ್ಟಿರುವ ಕೈಸಾಲಕ್ಕೆ 28,800. ಮನೆಯವರಿಗೆ ನಿದ್ದೆ ಕೆಡಿಸಿರುವುದು ಮಾತ್ರ ಒಡವೆ, ಏಕೆಂದರೆ ಹಬ್ಬಕ್ಕೆ ಕೊರಳು ಬರಿದು ಕಾಣುತ್ತದೆ.

ಎಲ್ಲಕ್ಕಿಂತ ಮೊದಲು ಕೂಲಿ. ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡು ಎಂದು ಧರ್ಮೋಪದೇಶಕಾಂಡ 24:15. ಹಿಡಿದಿಟ್ಟ ಕೂಲಿ ಕೂಗುತ್ತದೆ ಎಂದು ಯಾಕೋಬನ ಪತ್ರ 5:4. ಬ್ಯಾಂಕಿನ ಕಂತು ತಪ್ಪಿಸದೆ ಕಟ್ಟಿ ಕೊಯ್ಲಿನವರ ಬಟವಾಡೆಯನ್ನು ಎರಡು ವಾರ ಮುಂದೂಡುವ ತೋಟದ ಮಾಲೀಕ ತನಗೆ ಸಾಲವೇ ಇಲ್ಲ ಎಂದುಕೊಂಡಿರಬಹುದು. ಅವನು ಸಾಲ ತಂದಿರುವುದು ಬಡ್ಡಿ ಕೇಳಲಾರದವರಿಂದ.

ಎರಡನೆಯದು ಸೊಸೈಟಿಯ ಬೆಳೆ ಸಾಲ, ಬಡ್ಡಿ ಇಲ್ಲದಿದ್ದರೂ. 5 ಲಕ್ಷದವರೆಗಿನ ಅಲ್ಪಾವಧಿ ಬೆಳೆ ಸಾಲ ರಾಜ್ಯದಲ್ಲಿ ಶೂನ್ಯ ಬಡ್ಡಿಗೆ ಸಿಗುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಒಂದು ದಿನ ದಾಟಿದರೆ ರಿಯಾಯಿತಿ ಹೋಯಿತು. ಇಲ್ಲೊಂದು ಹಳೆಯ ಗುಂಡಿ ಇದೆ. ರಿನೀವಲ್‌ಗೆಂದು ಒಂದು ವಾರದ ಮಟ್ಟಿಗೆ ಕೈಸಾಲ ತಂದು ಕಟ್ಟುತ್ತಾರೆ, ಹೊಸ ಸಾಲ ಮಂಜೂರಾದ ಕೂಡಲೇ ತೀರಿಸುವ ಮಾತು. ಮಂಜೂರಾತಿ ತಡವಾಗುತ್ತದೆ, ಬಂದ ಹಣದಲ್ಲಿ ಗೊಬ್ಬರದ ಬಾಕಿ ಹೋಗುತ್ತದೆ, ವಾರದ ಕೈಸಾಲ ವರ್ಷದ್ದಾಗುತ್ತದೆ. ರಿನೀವಲ್ ಹಣವನ್ನು ಜನವರಿ, ಫೆಬ್ರುವರಿಯ ಕಾಫಿ ದುಡ್ಡಿನಲ್ಲೇ ಬೇರೆ ಖಾತೆಗೆ ಹಾಕಿಡುವುದೊಂದೇ ದಾರಿ.

ಮೂರನೆಯದು ಕೈಸಾಲ. ಕೊಯ್ಲಿನವರೆಗೆ ಕಾಯಲಾಗದಿದ್ದರೆ ಉಳಿದ ಒಡವೆಯನ್ನು ಬ್ಯಾಂಕಿನಲ್ಲಿಟ್ಟು 80,000 ತಂದು ಇದನ್ನು ತೀರಿಸಿ. ಬಡ್ಡಿ 28,800ರಿಂದ 7,200ಕ್ಕೆ ಇಳಿಯುತ್ತದೆ, ವರ್ಷಕ್ಕೆ 21,600 ಉಳಿತಾಯ. ಆದರೆ ಈ ಬದಲಾವಣೆ ಕೆಲಸ ಮಾಡುವುದು ಎರಡು ಷರತ್ತಿನ ಮೇಲೆ. ಕೊಟ್ಟಿದ್ದ ಪ್ರಾಮಿಸರಿ ನೋಟು, ಖಾಲಿ ಚೆಕ್ಕು ಅದೇ ದಿನ ವಾಪಸು ಬರಬೇಕು. ಆ ಸಾಲ ಕೊಟ್ಟವನ ಬಳಿ ಇನ್ನು ಹೋಗುವುದಿಲ್ಲ ಎಂದು ಮನೆಯಲ್ಲಿ ಮಾತಾಗಬೇಕು. ಎರಡನೆಯದು ತಪ್ಪಿದರೆ ಆರು ತಿಂಗಳಲ್ಲಿ ಒಡವೆ ಸಾಲವೂ ಇರುತ್ತದೆ, ಕೈಸಾಲವೂ ಇರುತ್ತದೆ.

ಆಮೇಲೆ ಸಂಘದ ಸಾಲ. ಮೈಕ್ರೋ ಫೈನಾನ್ಸ್ ಸಾಲವನ್ನು ಅವಧಿಗೆ ಮೊದಲೇ ಕಟ್ಟಿದರೆ ದಂಡ ಹಾಕುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ 2022ರ ನಿಯಮ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ ಎಂಬುದೂ ಅದರಲ್ಲೇ ಇದೆ. ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘ ಸೇರುವ ಹಂತಕ್ಕೆ ಬಂದಿದ್ದರೆ ಆ ಗೆರೆ ಯಾವತ್ತೋ ದಾಟಿದೆ ಎಂದರ್ಥ.

ಭಾವನ ಹಣವನ್ನು ಕೊನೆಗೆ ಹಾಕಿದರೂ ತಿಂಗಳಿಗೆ ಸಾವಿರವಾದರೂ ಕೊಡುತ್ತಾ ಬನ್ನಿ. ಬಡ್ಡಿಯ ಲೆಕ್ಕದಲ್ಲಿ ಇದು ದಡ್ಡತನ. ಕುಟುಂಬದ ಲೆಕ್ಕದಲ್ಲಿ ಅಲ್ಲ: ಮಾತು ಬಿಟ್ಟ ನೆಂಟಸ್ತಿಕೆಯನ್ನು ಯಾವ ಒಟಿಎಸ್ಸೂ (ಬ್ಯಾಂಕು ಒಂದಿಷ್ಟು ಬಿಟ್ಟು, ಒಂದೇ ಸಲಕ್ಕೆ ಸಾಲ ಮುಗಿಸುವ ಒಪ್ಪಂದ) ಸರಿ ಮಾಡುವುದಿಲ್ಲ.

ಸಾಲ ಕೊಟ್ಟವರ ಮುಂದೆ ಹೋಗುವುದು

ಮಾತು ಕೊಟ್ಟು ಸಿಕ್ಕಿಬಿದ್ದವನು ಕಣ್ಣಿಗೆ ನಿದ್ದೆ ಕೊಡದೆ ಹೋಗಿ ತಗ್ಗಿ ಬೇಡಿಕೊಳ್ಳಬೇಕು ಎಂದು ಜ್ಞಾನೋಕ್ತಿಗಳು 6. ನಮ್ಮವರು ಮಾಡುವುದು ಇದಕ್ಕೆ ತದ್ವಿರುದ್ಧ: ಫೋನ್ ಎತ್ತುವುದಿಲ್ಲ, ಭಾನುವಾರ ಪೂಜೆಗೂ ಬೇರೆ ಚರ್ಚಿಗೆ ಹೋಗುತ್ತಾರೆ. ಗಡುವಿಗೆ ಮೊದಲೇ ಹೋಗಿ. ಖಾಲಿ ಕೈಯಲ್ಲಿ ಹೋಗಬೇಡಿ, ಸ್ವಲ್ಪವಾದರೂ ಹಣ ಇರಲಿ. "ಬೆಳೆ ಬಂದಾಗ ಕೊಡ್ತೀನಿ" ಎನ್ನಬೇಡಿ. "ಜನವರಿ 20ಕ್ಕೆ 30,000, ಮಾರ್ಚ್ 15ಕ್ಕೆ 50,000" ಎಂದು ತಾರೀಕು ಹಾಕಿ ಹೇಳಿ, ಇವತ್ತಿನಿಂದ ಬಡ್ಡಿ ನಿಲ್ಲಿಸಿ ಎಂದು ಕೇಳಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ, ಇಲ್ಲವೇ ಫೋನ್‌ಪೇ ದಾಖಲೆ.

ಬ್ಯಾಂಕಿನ ಸಾಲ ಸುಸ್ತಿಯಾಗಿದ್ದರೆ ದಿನ ಎಣಿಸಬೇಕು. ಸಾಮಾನ್ಯ ಸಾಲ 90 ದಿನ ಬಾಕಿ ಬಿದ್ದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಪಟ್ಟಿಗೆ. ದೀರ್ಘಾವಧಿ ಬೆಳೆಯ ಬೆಳೆ ಸಾಲಕ್ಕೆ ಒಂದು ಬೆಳೆ ಹಂಗಾಮು. ಕಾಫಿ ತೋಟ ಅಡವಿಟ್ಟ ಸಾಲಕ್ಕೆ ಸರ್ಫೇಸಿ ಕಾಯಿದೆಯಡಿ (ಕೋರ್ಟಿಗೆ ಹೋಗದೆಯೇ ಬ್ಯಾಂಕು ಅಡವಿನ ಆಸ್ತಿ ವಶಪಡಿಸಿಕೊಳ್ಳಲು ಬಿಡುವ ಕಾಯಿದೆ) ನೋಟಿಸು ಬರುವುದು ಈ ಭಾಗಕ್ಕೆ ಹೊಸದಲ್ಲ. ಕೃಷಿಭೂಮಿಗೆ ಆ ಕಾಯಿದೆಯಲ್ಲಿ ವಿನಾಯಿತಿ ಇದ್ದರೂ ತೋಟಗಳನ್ನು ಆ ವಿನಾಯಿತಿಯ ಹೊರಗಿಡುವುದನ್ನು ಬೆಳೆಗಾರರ ಸಂಘಟನೆಗಳು ವಿರೋಧಿಸುತ್ತಲೇ ಬಂದಿವೆ. ಆ ವಾದ ಏನೇ ಆಗಲಿ, ಆ ಕಾಯಿದೆಯ 13(2)ನೇ ಕಲಂನಡಿ ಬಾಕಿ ಕಟ್ಟಿ ಎಂಬ ನೋಟಿಸು ಬಂದರೆ 60 ದಿನ ಇದೆ. ಆ ಅವಧಿಯಲ್ಲಿ ಲಿಖಿತ ಆಕ್ಷೇಪಣೆ ಕೊಡಿ, ಬ್ಯಾಂಕು 15 ದಿನದಲ್ಲಿ ಉತ್ತರಿಸಬೇಕು. ಸ್ವಾಧೀನದ ಕ್ರಮ ಕೈಗೊಂಡ ಮೇಲೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನ. ನೋಟಿಸನ್ನು ಬೀರುವಿನಲ್ಲಿಟ್ಟು ಪ್ರಾರ್ಥನೆಗೆ ಕೂತವರ ಗಡುವು ಹಾಗೇ ದಾಟುತ್ತದೆ, ಎರಡನ್ನೂ ಮಾಡಿ.

ಒಟಿಎಸ್ ಬಗ್ಗೆ ಚರ್ಚುಗಳಲ್ಲಿ ಎರಡು ಅಭಿಪ್ರಾಯ ಕೇಳುತ್ತದೆ. ಕಟ್ಟುವ ಶಕ್ತಿ ನಿಜಕ್ಕೂ ಇಲ್ಲದವನು, ಬೆಳೆ ಹೋದವನು, ಮನೆಯಲ್ಲಿ ಕಾಯಿಲೆ ಬಿದ್ದವನು ಬ್ಯಾಂಕು ಬಿಟ್ಟದ್ದನ್ನು ಒಪ್ಪಿಕೊಳ್ಳುವುದರಲ್ಲಿ ತಪ್ಪಿಲ್ಲ. ಏಳನೆಯ ವರ್ಷದ ಬಿಡುಗಡೆಯ ಕಟ್ಟಳೆ (ಧರ್ಮೋಪದೇಶಕಾಂಡ 15) ಇದ್ದದ್ದೇ ಅಂಥವರಿಗಾಗಿ. ಕೈಯಲ್ಲಿ ಹಣ ಇಟ್ಟುಕೊಂಡು, ಒಟಿಎಸ್ ಬರುತ್ತದೆಂದು ಎರಡು ವರ್ಷ ಬೇಕೆಂದೇ ಕಟ್ಟದಿರುವುದು 37ನೇ ಕೀರ್ತನೆಯಲ್ಲಿ ಹೇಳಿದ ಕೆಲಸ. ವ್ಯವಹಾರದ ಮಾತು: ಮೊತ್ತ, ಕೊನೆಯ ದಿನ, "ಇದರಿಂದ ಖಾತೆ ಮುಕ್ತಾಯ" ಎಂಬುದು ಬರಹದಲ್ಲಿ ಬಂದ ಮೇಲೆಯೇ ಹಣ ಕಟ್ಟಿ. ಕ್ರೆಡಿಟ್ ವರದಿಯಲ್ಲಿ "ಕ್ಲೋಸ್ಡ್" ಬದಲು "ಸೆಟಲ್ಡ್" ಎಂದು ಬರುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ ಎಂಬುದನ್ನು ತಿಳಿದೇ ಮಾಡಿ.

ಕಿರುಕುಳ ಬಂದರೆ

ಮೈಕ್ರೋ ಫೈನಾನ್ಸ್ ಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬಾಗಿಲಲ್ಲಿ ಕೂರುವುದು, ನೆಂಟರಿಗೆ ಫೋನ್ ಮಾಡಿ ಮಾನ ಕಳೆಯುವುದು, ಪಡಿತರ ಚೀಟಿ ಎಟಿಎಂ ಕಾರ್ಡು ಕಿತ್ತಿಟ್ಟುಕೊಳ್ಳುವುದು ಯಾವುದಕ್ಕೂ ಅಧಿಕಾರವಿಲ್ಲ. 2025ರ ಫೆಬ್ರುವರಿಯಲ್ಲಿ ಕರ್ನಾಟಕ ತಂದ ಸುಗ್ರೀವಾಜ್ಞೆಯಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟರು. ಬ್ಯಾಂಕ್ ಅಥವಾ ನೋಂದಾಯಿತ ಹಣಕಾಸು ಸಂಸ್ಥೆಗೆ ಮೊದಲು ಲಿಖಿತ ದೂರು ಕೊಡಿ; 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಮಾಹಿತಿಗೆ 14448. ನ್ಯಾಯಾಲಯದ ಕಾಗದ ಬಂದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ.

ಸಾಲಕ್ಕೆ ಹೆದರಿ ಜೀವ ಕಳೆದುಕೊಳ್ಳುವ ಯೋಚನೆ ಮನೆಯಲ್ಲಿ ಯಾರ ಬಾಯಲ್ಲಾದರೂ ಬಂದರೆ ಮಿಕ್ಕ ಲೆಕ್ಕವೆಲ್ಲ ಬದಿಗಿಟ್ಟು ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. ತೀರಿಕೊಂಡವರ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಆದರೆ ಜಾಮೀನು ಹಾಕಿದವರ ತಲೆಯ ಮೇಲೆ ಅದು ಪೂರ್ತಿಯಾಗಿ ಬೀಳುತ್ತದೆ.

ಜಾಮೀನು, ಮದುವೆ, ಕಾಣಿಕೆ

"ಸುಮ್ಮನೆ ಒಂದು ಸಹಿ ಅಷ್ಟೇ" ಎಂಬ ಮಾತಿಗೆ ಕಾನೂನಿನಲ್ಲಿ ಅರ್ಥವಿಲ್ಲ. 1872ರ ಕರಾರು ಕಾಯಿದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಬ್ಯಾಂಕು ಮೊದಲು ಸಾಲಗಾರನನ್ನೇ ಹಿಡಿಯಬೇಕೆಂದೂ ಇಲ್ಲ. ಜ್ಞಾನೋಕ್ತಿಗಳು 22:27 ಕೇಳುವುದು, ಕೊಡಲು ಇಲ್ಲದಿದ್ದರೆ ನಿನ್ನ ಹಾಸಿಗೆಯನ್ನೇ ಯಾಕೆ ಎಳೆಸಿಕೊಳ್ಳುತ್ತೀ ಎಂದು. ನಮ್ಮ ಅಳತೆ ಇಷ್ಟು: ಆ ಹಣವನ್ನು ದಾನವಾಗಿ ಕೊಡಲು ನಿಮಗೆ ಸಾಧ್ಯವಿದ್ದರೆ ಮಾತ್ರ ಸಹಿ ಹಾಕಿ.

ಮದುವೆಗೆ, ಬುರುಜು ಕಟ್ಟುವ ಮೊದಲು ಕೂತು ಖರ್ಚು ಎಣಿಸಿದವನ ಲೆಕ್ಕ (ಲೂಕ 14:28) ಸಾಕು. ಮದುವೆ ಹಾಲ್, ಊಟ, ರೋಸ್ (ಮದುವೆಗೆ ಮುಂಚಿನ ತೆಂಗಿನಹಾಲಿನ ಶಾಸ್ತ್ರ), ಉಂಗುರ, ವಿಡಿಯೋ, ಎರಡೂ ಕಡೆಯವರ ಬಟ್ಟೆ ಎಲ್ಲ ಸೇರಿ ಒಂದು ವರ್ಷದ ನಿವ್ವಳ ಬೆಳೆ ಆದಾಯ ದಾಟಿದರೆ ಪಟ್ಟಿ ಕತ್ತರಿಸಿ. ಮೊದಲ ಕತ್ತರಿ ಊಟದೆಲೆಗಳ ಸಂಖ್ಯೆಗೆ.

ಸಾಲ ಇರುವಾಗ ದಶಮಾಂಶ ಕೊಡಬೇಕೇ? ಕೊರಿಂಥದವರಿಗೆ ಬರೆದ ಎರಡನೆಯ ಪತ್ರ 8:12ರಲ್ಲಿ ಪೌಲ ಹೇಳುವುದು, ಕೊಡುವ ಮನಸ್ಸಿದ್ದರೆ ಇರುವುದರ ಪ್ರಕಾರ ಕೊಟ್ಟದ್ದು ಮೆಚ್ಚಿಕೆ, ಇಲ್ಲದ್ದರ ಪ್ರಕಾರ ಅಲ್ಲ ಎಂದು. ಕೂಲಿ ಮತ್ತು ಬಡ್ಡಿ ಕಟ್ಟಿ ಉಳಿದದ್ದರಲ್ಲಿ ಕೊಡಿ, ಚಿಕ್ಕದಾದರೂ ಕೊಡಿ. ಕೈಸಾಲ ತಂದು ಹಾಕುವ ಕಾಣಿಕೆ ದೇವರದ್ದಲ್ಲ, ಸಾಲ ಕೊಟ್ಟವನದು. "ಬಿತ್ತನೆ ಕಾಣಿಕೆ ಹಾಕಿ, ಸಾಲ ನೂರ್ಮಡಿ ತೀರುತ್ತದೆ" ಎನ್ನುವ ಕೂಟಗಳಿಗೆ ಸಾಲಗಾರರು ಹೋಗದಿರುವುದು ಒಳ್ಳೆಯದು. ಆ ಬೋಧಕರಿಗೆ ಅದು ಆದಾಯ, ನಿಮಗೆ ಇನ್ನೊಂದು ಕಂತು.

ತೀರಿದ ಮೇಲಿನ ಕಾಗದ

ಹಣ ಕಟ್ಟಿದ ದಿನ ಸಾಲ ಅರ್ಧ ತೀರಿದೆ. ಬ್ಯಾಂಕಿನಿಂದ ಬೇಬಾಕಿ ಪತ್ರ ತೆಗೆದುಕೊಳ್ಳಿ. ಆಸ್ತಿಯ ಮೂಲಪತ್ರಗಳನ್ನು 30 ದಿನದೊಳಗೆ ಹಿಂದಿರುಗಿಸಬೇಕು; ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಪಹಣಿಯ 11ನೇ ಕಲಂನಲ್ಲಿ ಬ್ಯಾಂಕಿನ ಹೆಸರು ಋಣವಾಗಿ ಕೂತಿರುತ್ತದೆ, ಅದನ್ನು ತೆಗೆಸಿ ಹೊಸ ಪಹಣಿ ಪಡೆಯಿರಿ. ನೋಂದಾಯಿತ ಅಡಮಾನವಾಗಿದ್ದರೆ ಇ.ಸಿ.ಯಲ್ಲೂ (ಋಣಭಾರ ಪ್ರಮಾಣಪತ್ರ) ಬಿಡುಗಡೆ ಬಂದಿದೆಯೇ ನೋಡಿ. ಹತ್ತು ವರ್ಷದ ಹಿಂದೆ ತೀರಿದ ಸಾಲ ಇವತ್ತಿನ ವಿಭಾಗಪತ್ರಕ್ಕೆ ಅಡ್ಡ ಬರುವುದು ಇಲ್ಲಿಂದಲೇ. ಕೈಸಾಲದವರಿಂದ ಪ್ರಾಮಿಸರಿ ನೋಟಿನ ಮೂಲಪ್ರತಿ ಪಡೆದು ಸಹಿ ಮಾಡಿದ ಭಾಗವನ್ನು ಹರಿಯಿರಿ. ಖಾಲಿ ಚೆಕ್ಕು "ಎಲ್ಲೋ ಇದೆ, ಹುಡುಕಿ ಕೊಡ್ತೀನಿ" ಎಂದರೆ ಅದೇ ದಿನ ಬ್ಯಾಂಕಿಗೆ ಹೋಗಿ ಆ ನಂಬರನ್ನು ನಿಲ್ಲಿಸಿ, ಹಣ ತೀರಿದ್ದಕ್ಕೆ ಸಾಲ ಕೊಟ್ಟವರಿಂದ ಎರಡು ಸಾಲಿನ ಬರಹ ಪಡೆಯಿರಿ.

ನೀವೇ ಸಾಲ ಕೊಟ್ಟವರಾಗಿದ್ದರೆ

ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬೇಡ, ಅದು ಜೀವವನ್ನೇ ಒತ್ತೆ ಇಟ್ಟಂತೆ ಎಂದು ಧರ್ಮೋಪದೇಶಕಾಂಡ 24:6. ಒತ್ತೆ ತರಲು ಮನೆಯೊಳಗೆ ಕಾಲಿಡಬೇಡ, ಹೊರಗೆ ನಿಲ್ಲು; ಬಡವನ ಹೊದಿಕೆಯಾದರೆ ರಾತ್ರಿಗೆ ಹಿಂದಿರುಗಿಸು. ಇವತ್ತಿನ ಬೀಸುವ ಕಲ್ಲು ಆಟೋ, ಕಳೆ ಕತ್ತರಿಸುವ ಮಷಿನ್ನು, ಹೊಲಿಗೆ ಯಂತ್ರ, ಹಸು. ಲೈನ್ ಮನೆಯಲ್ಲಿರುವ ಕೆಲಸಗಾರರಿಗೆ ಕೊಟ್ಟ ಮುಂಗಡದ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಮುಂಗಡ ತೀರುವವರೆಗೆ ಬೇರೆ ತೋಟಕ್ಕೆ ಹೋಗಕೂಡದು ಎಂದು ಹಿಡಿದಿಡುವುದು 1976ರ ಕಾಯಿದೆಯಲ್ಲಿ ಜೀತ. ಮುಂಗಡವನ್ನು ಪುಸ್ತಕದಲ್ಲಿ ಬರೆದು ಅವರ ಕೈಗೂ ಒಂದು ಪ್ರತಿ ಕೊಡಿ, ವಾರದ ಬಟವಾಡೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಹಿಡಿಯಬೇಡಿ, ಬಡ್ಡಿ ಹಾಕಬೇಡಿ. ವಾಪಸು ಬರಲಾರದು ಎಂದು ಗೊತ್ತಾದದ್ದನ್ನು ಬಿಟ್ಟುಬಿಡುವುದಾದರೆ ಬಾಯಿಮಾತಿನಲ್ಲಿ ಬಿಡಬೇಡಿ, ಪುಸ್ತಕದಲ್ಲಿ ಹೊಡೆದು ಹಾಕಿ ತೋರಿಸಿ. ಹತ್ತು ಸಾವಿರ ತಲಾಂತು ಬಿಡಿಸಿಕೊಂಡು ನೂರು ಹಣಕ್ಕೆ ಜೊತೆಯವನ ಕುತ್ತಿಗೆ ಹಿಸುಕಿದವನ ಸಾಮ್ಯವನ್ನು (ಮತ್ತಾಯ 18) ಸಾಲ ಮನ್ನಾ ಪಡೆದ ತೋಟದವರು ಒಮ್ಮೆ ಓದಬಹುದು.

ಬೆಲೆ ಬಂದ ವರ್ಷ

2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲಕಚ್ಚಿ ವರ್ಷಗಟ್ಟಲೆ ಏಳಲಿಲ್ಲ. 2024–25ರ ಹಂಗಾಮಿನಲ್ಲಿ ದಾಖಲೆ ಮಟ್ಟಕ್ಕೆ ಏರಿತು. ಇಂಥ ಬೆಳೆ ನಂಬಿದವರಿಗೆ ಯೋಸೇಫನ ಲೆಕ್ಕ ಬಹಳ ಹತ್ತಿರದ್ದು: ಸುಭಿಕ್ಷದ ಏಳು ವರ್ಷ ಐದನೆಯ ಒಂದು ಪಾಲು ಕಣಜಕ್ಕೆ. 10 ಲಕ್ಷದ ಕಾಫಿ ಮಾರಿದರೆ 2 ಲಕ್ಷ ಮೊದಲೇ ಪಕ್ಕಕ್ಕೆ. ಮನೆಯವರಿಬ್ಬರ ಜಂಟಿ ಹೆಸರಿನಲ್ಲಿ, ಐವತ್ತು ಸಾವಿರದ ನಾಲ್ಕು ಠೇವಣಿಯಾಗಿ. ಒಂದೇ ದೊಡ್ಡ ಠೇವಣಿ ಮಾಡಿದರೆ ಇಪ್ಪತ್ತು ಸಾವಿರ ಬೇಕಾದಾಗ ಇಡೀ ಠೇವಣಿ ಒಡೆಯಬೇಕಾಗುತ್ತದೆ. ಬೆಲೆ ಬಂದ ವರ್ಷ ತೋಟ ಕೊಳ್ಳಲು, ಜೀಪು ಕೊಳ್ಳಲು ಸಾಲ ಮಾಡುವುದು ಈ ಸೀಮೆಯ ಹಳೆಯ ಚಾಳಿ. ಕಂತು ನಿಗದಿಯಾಗುವುದು ಏರಿದ ಬೆಲೆಯ ಮೇಲೆ, ಕಟ್ಟಬೇಕಾಗುವುದು ಇಳಿದ ಬೆಲೆಯಲ್ಲಿ. ಹೂಮಳೆ ತಪ್ಪಿದರೆ ಅದೂ ಇಲ್ಲ. ಶುಂಠಿಗೆ ಗುತ್ತಿಗೆ ಜಮೀನು ಹಿಡಿಯುವವರಿಗೆ ಇದರ ಮೇಲೆ ಕೊಳೆ ರೋಗದ ಭಯವೂ ಸೇರುತ್ತದೆ, ಅಲ್ಲಿ ಐದನೆಯ ಒಂದು ಪಾಲು ಸಾಲದು, ಮೂರನೆಯ ಒಂದು ಪಾಲು ಇಡಿ.

ಸರ್ಕಾರದ ಸಾಲವನ್ನು ಓದುವುದು

"ಪ್ರತಿಯೊಬ್ಬ ಕನ್ನಡಿಗನ ತಲೆ ಮೇಲೆ ಇಷ್ಟು ಸಾಲ" ಎಂಬ ಸಂದೇಶ ಬಜೆಟ್ ದಿನ ಮೊಬೈಲಿಗೆ ಬರುತ್ತದೆ. ಭಾಗಿಸಿದ ಲೆಕ್ಕ ಸರಿಯೇ ಇರಬಹುದು, ಉಪಯೋಗವಿಲ್ಲ. ಸರ್ಕಾರ ಸಾಯುವುದಿಲ್ಲ, ತೆರಿಗೆ ಹಾಕಬಲ್ಲದು, ಹಳೆಯ ಸಾಲವನ್ನು ಹೊಸ ಸಾಲದಿಂದ ತೀರಿಸುತ್ತಾ ಹೋಗಬಲ್ಲದು. ಅದಕ್ಕೆ ಸಾಲ ಕೊಟ್ಟವರಲ್ಲಿ ಬಹುಪಾಲು ಒಳಗಿನವರೇ: ಬ್ಯಾಂಕುಗಳು, ವಿಮೆ ಕಂಪನಿಗಳು, ಭವಿಷ್ಯನಿಧಿ. ನಿಮ್ಮ ಎಲ್ಐಸಿ ಪಾಲಿಸಿಯೂ ಅದರಲ್ಲಿದೆ. ಹೊರಗಿನ ಸಾಲ ಎಲ್ಲಿಗೆ ತಂದು ನಿಲ್ಲಿಸಬಲ್ಲದು ಎಂಬುದನ್ನು 1991ರಲ್ಲಿ ಕಂಡೆವು. ವಿದೇಶಿ ವಿನಿಮಯ ಬರಿದಾಗಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಲಂಡನ್ನಿಗೆ ಕಳಿಸಿ ಅಡವಿಡಬೇಕಾಯಿತು.

ಮಾರ್ಚಿನ ರಾಜ್ಯ ಬಜೆಟ್ ಬಂದಾಗ ಮೂರು ಅಂಕಿ ಹುಡುಕಿ. ಒಂದು, ಒಟ್ಟು ಹೊಣೆಗಾರಿಕೆ ರಾಜ್ಯದ ಉತ್ಪನ್ನದ ನೂರಕ್ಕೆ ಎಷ್ಟು. 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯಿದೆಯ ಗೆರೆ 25. 2025–26ರ ಬಜೆಟ್ 24.91 ತೋರಿಸಿತು, ಗೆರೆಗೆ ಅಂಟಿಕೊಂಡೇ. ಎರಡು, ರಾಜಸ್ವ ಕೊರತೆ ಇದೆಯೇ. ಅದೇ ಬಜೆಟ್ಟಿನಲ್ಲಿ ಸುಮಾರು 19 ಸಾವಿರ ಕೋಟಿ ಇತ್ತು, ಒಟ್ಟು ಹೊಸ ಸಾಲ 1.16 ಲಕ್ಷ ಕೋಟಿ. ರಾಜಸ್ವ ಕೊರತೆ ಎಂದರೆ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಗಳಿಗೇ ಸಾಲ ಬೇಕಾಯಿತು ಎಂದು; ಕೆರೆ, ರಸ್ತೆ, ಸಬ್‌ಸ್ಟೇಷನ್ನಿಗೆ ಆದ ಸಾಲ ಬೇರೆ ಜಾತಿಯದು. ಮೂರು, ಬಡ್ಡಿಗೆ ಎಷ್ಟು ಹೋಗುತ್ತದೆ. ಕೇಂದ್ರದ 2025–26ರ ಬಜೆಟ್ಟಿನಲ್ಲಿ ಖರ್ಚಿನ ಪ್ರತಿ ರೂಪಾಯಿಯಲ್ಲಿ 20 ಪೈಸೆ ಬಡ್ಡಿಗೆ, ಬರುವ ರೂಪಾಯಿಯಲ್ಲಿ 24 ಪೈಸೆ ಸಾಲದಿಂದ.

ಸಾಲ ಮನ್ನಾ ಬಂದರೆ ಅದು ಯೂಬಿಲಿಯೇ, ಬೈಬಲ್ಲಿನ ಬಿಡುಗಡೆಯ ವರ್ಷವೇ? ಯಾಜಕಕಾಂಡ 25ರ ಐವತ್ತನೆಯ ವರ್ಷದಲ್ಲಿ ಹೊಲ ಬಿಟ್ಟುಕೊಡುವವನು ಅದನ್ನು ಹಿಡಿದುಕೊಂಡಿದ್ದವನೇ. 2018ರ ಮನ್ನಾದಲ್ಲಿ ಸಹಕಾರ ಸಂಘದ ಬೆಳೆ ಸಾಲ 1 ಲಕ್ಷದವರೆಗೆ, ಬ್ಯಾಂಕಿನದು 2 ಲಕ್ಷದವರೆಗೆ ರೈತರ ಖಾತೆಯಿಂದ ರಾಜ್ಯದ ಖಾತೆಗೆ ಹೋಯಿತು; ಬ್ಯಾಂಕಿಗೆ ಹಣ ಸಂದಿತು. ಬರಗಾಲದಲ್ಲಿ ಅದು ಬೇಕಾಗಬಹುದು, ಬೇಕಾದಾಗ ಕೇಳಲು ನಾಚಿಕೆ ಬೇಡ. ಆದರೆ ಮೀಟರ್ ಬಡ್ಡಿಗೆ ತಂದ ಕೂಲಿಯವರ ಸಾಲ ಇಂಥ ಬೆಳೆ ಸಾಲದ ಮನ್ನಾದಲ್ಲಿ ಬರುವುದಿಲ್ಲ ಎಂಬುದನ್ನು ಅದೇ ಉಸಿರಿನಲ್ಲಿ ಕೇಳಬೇಕು. 2025ರ ಯೂಬಿಲಿ ವರ್ಷಕ್ಕೆ ಪೋಪ್ ಫ್ರಾನ್ಸಿಸ್ ಬಡ ದೇಶಗಳ ಸಾಲ ಬಿಡಿ ಎಂದು ಕೇಳಿದ್ದು ಶ್ರೀಮಂತ ದೇಶಗಳನ್ನು, ಅಂದರೆ ಕೊಟ್ಟವರನ್ನೇ.

ನೆಹೆಮೀಯ 5ನ್ನು ಈ ಕಾರಣಕ್ಕೆ ಓದಬೇಕು. ಜನ ಅರಸನ ತೆರಿಗೆ ಕಟ್ಟಲು ಹೊಲ ಅಡವಿಟ್ಟು ಸಾಲ ತಂದಿದ್ದರು, ಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದರು. ಅಧಿಪತಿಯಾಗಿದ್ದ ನೆಹೆಮೀಯ ಮೊದಲು ಶ್ರೀಮಂತರನ್ನು ಸಭೆಯಲ್ಲಿ ನಿಲ್ಲಿಸಿ ಹೊಲ, ದ್ರಾಕ್ಷಿತೋಟ, ತೆಗೆದುಕೊಂಡ ಬಡ್ಡಿ ವಾಪಸು ಕೊಡಿಸಿದ. ತಾನು ಹನ್ನೆರಡು ವರ್ಷ ಅಧಿಪತಿಯ ಊಟದ ಭತ್ಯೆ ಮುಟ್ಟಲಿಲ್ಲ. ಶಾಸಕರ ಸಂಬಳ ಹೆಚ್ಚಳದ ಮಸೂದೆಗೂ ಸಾಲದ ಮಿತಿಗೂ ಏನು ಸಂಬಂಧ ಎಂದು ಕೇಳುವವರಿಗೆ ಈ ಅಧ್ಯಾಯ ಕೊಡಿ. ಗ್ರಾಮಸಭೆಯಲ್ಲಿ ಕೇಳಬೇಕಾದದ್ದು ಇನ್ನೂ ಚಿಕ್ಕದು, ಉತ್ತರ ಸಿಗುವಂಥದ್ದು: ನಮ್ಮ ಪಂಚಾಯಿತಿಗೆ ಬರಬೇಕಾದ ಯಾವ ಕಾಮಗಾರಿಯ ಬಿಲ್ಲು ಎಷ್ಟು ತಿಂಗಳಿಂದ ಬಾಕಿ ಇದೆ, ಆ ಕೆಲಸ ಮಾಡಿದವರ ಕೂಲಿ ಯಾವಾಗ ಬರುತ್ತದೆ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ ಎಂದು.